ಕೊಯ್ಯುವುದಕ್ಕಿಂತ ಮುಚ್ಚುವುದೇ ಕಷ್ಟ

ಕ್ಯಾನ್ಸರಿಗಾಗಿ ಸ್ತನ ತೆಗೆಸಿಕೊಂಡು ಮಂಗಳೂರಿನಿಂದಲೋ ಮಣಿಪಾಲದಿಂದಲೋ ಮನೆಗೆ ಹೊರಟ ಹೆಂಗಸರ ಪಕ್ಕೆಯಲ್ಲಿ ಗಾಯದ ನೀರು ಹೀರುವ ಒಂದು ಪೈಪು, ಅದರ ತುದಿಗೆ ಒತ್ತಿ ಕುಗ್ಗಿಸಿದ ಬಾಟಲಿ ಇರುತ್ತದೆ. ಅದನ್ನು ಬೇಗ ತೆಗೆಸಬೇಕೆಂಬ ಅವಸರ ಮನೆಯವರೆಲ್ಲರಿಗೂ. ಆದರೆ ಈ ಆಪರೇಷನ್ನಿನ ಚರಿತ್ರೆಯಲ್ಲಿ ವೈದ್ಯರನ್ನು ಸೋಲಿಸಿದ್ದು ಕೊಯ್ಯುವ ಕೆಲಸವಲ್ಲ, ಕೊಯ್ದದ್ದನ್ನು ಮುಚ್ಚುವ ಕೆಲಸ.

ಜರ್ಮನಿಯ ಉಲ್ಮ್ ಊರಿನ ಶಸ್ತ್ರವೈದ್ಯ ಸ್ಕುಲ್ಟೇಟಸ್‌ನ ವಿಧಾನ 1655ರಲ್ಲಿ, ಅವನು ತೀರಿಕೊಂಡು 10 ವರ್ಷವಾದ ಮೇಲೆ, ಚಿತ್ರಸಮೇತ ಅಚ್ಚಾಯಿತು. ದಪ್ಪ ದಾರ ಪೋಣಿಸಿದ ಸೂಜಿಗಳನ್ನು ಸ್ತನದ ಬುಡದಲ್ಲಿ ಅಡ್ಡಡ್ಡ ದಾಟಿಸಿ, ದಾರ ಹಿಡಿದು ಮೇಲಕ್ಕೆಳೆದು, ಬುಡಕ್ಕೆ ಕತ್ತಿ ಹಾಕುವುದು. ಅರಿವಳಿಕೆ ಇಲ್ಲದ ಕಾಲ. ಬೇಗ ಮುಗಿಸುವುದೇ ದೊಡ್ಡ ಕರುಣೆ. ರಕ್ತ ನಿಲ್ಲಿಸಲು ಕಾಯಿಸಿದ ಕಬ್ಬಿಣ. ಸುಟ್ಟ ಪದರ ಕೆಲವು ದಿನಗಳ ಮೇಲೆ ಕಳಚಿ ಬಿದ್ದಾಗ ಮತ್ತೆ ರಕ್ತ ಚಿಮ್ಮುವ ಅಪಾಯವಿತ್ತು. ಹೊಲಿಯಲು ಚರ್ಮವೇ ಉಳಿದಿರುತ್ತಿರಲಿಲ್ಲ. ಗಾಯ ತಳದಿಂದ ಮಾಂಸ ತುಂಬಿಕೊಂಡು ಬರಬೇಕು, ಅಷ್ಟರೊಳಗೆ ಕೀವು.

1867ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಲಿಸ್ಟರ್ ತನ್ನ ಒಡಹುಟ್ಟಿದವಳಿಗೇ ರೋಗಾಣು ಕೊಲ್ಲುವ ಕಾರ್ಬಾಲಿಕ್ ಆಮ್ಲ ಬಳಸಿ ಈ ಆಪರೇಷನ್ ಮಾಡಿದ. ಕೀವಾಗದೆ ಗಾಯ ಮಾಗಿತು. ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಎದೆಯ ಸ್ನಾಯು, ಕಂಕುಳ ಗಂಟು ಎಲ್ಲವನ್ನೂ ಚರ್ಮದ ಸಮೇತ ಅಗಲವಾಗಿ ತೆಗೆಯುತ್ತಿದ್ದ. 1894ರಲ್ಲಿ ಅವನು ವರದಿ ಮಾಡಿದ 50 ಜನರಲ್ಲಿ 3 ಮಂದಿಗಷ್ಟೇ ಅದೇ ಜಾಗದಲ್ಲಿ ರೋಗ ಮರಳಿತ್ತು. ಆದರೆ ಗಾಯದ ಅಂಚುಗಳು ಕೂಡುತ್ತಿರಲಿಲ್ಲ. ಬೇರೆ ಕಡೆಯ ತೆಳು ಚರ್ಮ ತಂದು ಹಚ್ಚಬೇಕಾಗುತ್ತಿತ್ತು. 1948ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪೇಟಿ ದೊಡ್ಡ ಎದೆಸ್ನಾಯುವನ್ನು ಉಳಿಸಿಕೊಳ್ಳುವ ದಾರಿ ತೋರಿಸಿದ ಮೇಲೆ ಎದೆಗೂಡಿನ ಮೇಲೊಂದು ಮೆತ್ತನೆಯ ಹೊದಿಕೆ ಉಳಿಯಿತು.

ಇಂದು ಕೊಯ್ಯುವ ಮೊದಲೇ ಚರ್ಮ ಚಿವುಟಿ, ಅಂಚುಗಳು ಎಳೆತವಿಲ್ಲದೆ ಕೂಡುತ್ತವೆಯೇ ಎಂದು ನೋಡಿ ಗೆರೆ ಹಾಕುತ್ತಾರೆ. ಚರ್ಮದಡಿ ಕೊಬ್ಬು ತೀರಾ ತೆಳ್ಳಗಾದರೆ ಅಂಚು ಕಪ್ಪಾಗಿ ಸಾಯುತ್ತದೆ. ದಪ್ಪ ಬಿಟ್ಟರೆ ಸ್ತನದ ಅಂಗಾಂಶವೇ ಉಳಿದೀತು. ಹೊಲಿಗೆ ಎರಡು ಪದರ: ಒಳಗೆ ಕರಗುವ 3-0 ದಾರ, ಮೇಲೆ ಅದಕ್ಕಿಂತ ತೆಳ್ಳಗಿನ 4-0 (ಈ ಅಂಕಿಗಳು ದಾರದ ದಪ್ಪದ ಅಳತೆ). ಕಂಕುಳ ಕಡೆಯ ತುದಿಯಲ್ಲಿ ಚರ್ಮ ಗುಪ್ಪೆಯಾಗಿ ಉಳಿದರೆ ಮುಂದೆ ರವಿಕೆಗೆ ಉಜ್ಜುತ್ತಲೇ ಇರುತ್ತದೆ. ಅದನ್ನು ಟೇಬಲ್ ಮೇಲೆಯೇ ಸರಿಪಡಿಸಬೇಕು.

ಇಷ್ಟಾದರೂ ಚರ್ಮದಡಿ ಪೊಳ್ಳು ಉಳಿಯುತ್ತದೆ, ಕಡಿದ ದುಗ್ಧರಸದ ನಾಳಗಳಿಂದ (ಹಾಲಿನ ನಾಳವಲ್ಲ, ಮೈಯ ತಿಳಿನೀರು ಹರಿಯುವ ಲಿಂಫ್ ನಾಳ) ನೀರು ಒಸರುತ್ತದೆ. ಪೈಪು ಅದನ್ನು ಹೀರಿ ಚರ್ಮವನ್ನು ಎದೆಗೆ ಅಂಟಿಸುತ್ತದೆ. ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಸಾಮಾನ್ಯವಾಗಿ 24 ಗಂಟೆಯಲ್ಲಿ 30 ಮಿಲಿಗಿಂತ ಕಡಿಮೆಯಾದಾಗ ತೆಗೆಯುತ್ತಾರೆ. ಮೊದಲೇ ತೆಗೆದರೆ ನೀರು ಕಟ್ಟಿ, ಸೂಜಿಯಿಂದ ಹೀರಬೇಕಾದೀತು. ಖಾಲಿ ಮಾಡಿ ಒತ್ತಿ ಮುಚ್ಚಿದ ಬಾಟಲಿ ಕೂಡಲೇ ಉಬ್ಬಿದರೆ ಎಲ್ಲೋ ಗಾಳಿ ಸೇರುತ್ತಿದೆ. ಜೋಡಣೆ ಸಡಿಲವಾಗಿದೆಯೇ, ಪೈಪಿನ ತೂತು ಚರ್ಮದಿಂದ ಹೊರಬಂದಿದೆಯೇ ನೋಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಿಗೆ ಪ್ಲಾಸ್ಟರು ಬೇಗ ಏಳುತ್ತದೆ. ಒದ್ದೆಯಾದ ಡ್ರೆಸ್ಸಿಂಗನ್ನು ಮರುದಿನದವರೆಗೆ ಇಟ್ಟುಕೊಳ್ಳಬೇಡಿ. ಬಾಟಲಿಗೆ ದಿಢೀರನೆ ಕೆಂಪು ರಕ್ತ ಬಂದರೆ ಹೊತ್ತು ನೋಡದೆ ಆಸ್ಪತ್ರೆಗೆ ಹೋಗಿ.