ಪಾರೆಯ ಹೂವಿಗೆ ಪಾರೆಯೂ ಬೇಕು

31 ಆಗಸ್ಟ್ 2025, ಭಾನುವಾರ, ರಾತ್ರಿ

ಕೆಳಗಿನ ಮನೆಯ ಹುಡುಗ ಸಂಜೆ ಪಟ ತೋರಿಸಲು ಬಂದಿದ್ದ. ಹೊಸ 100 ಎಂಎಂ ಮ್ಯಾಕ್ರೋ ಲೆನ್ಸ್, ಪಾರೆಯ, ಅಂದರೆ ನಮ್ಮ ಮುರಕಲ್ಲಿನ ಬಯಲಿನ, ನೀಲಿ ಹೂ. ಚಂದವೇ. ಆದರೆ ಎಲ್ಲದರಲ್ಲೂ ಹಿಂದೆ ಹಸಿರು ಮಬ್ಬು, ಮುಂದೆ ಒಂದು ಹೂ. ಅದು ಮುರಕಲ್ಲಿನ ಮೇಲೆ ಬೆಳೆದದ್ದೋ ಯಾರದೋ ಹೂಕುಂಡದ್ದೋ ಹೇಳುವ ಹಾಗಿಲ್ಲ. ಹಾಗೆಂದದ್ದಕ್ಕೆ ಮುಖ ಸಣ್ಣದಾಯಿತು. “ಮತ್ತೆ ಹೇಗೆ ತೆಗೆಯುವುದು?”

ಪಾರೆಯಲ್ಲಿ ಮಣ್ಣೆಂದರೆ ಕಲ್ಲಿನ ಗುಂಡಿಗಳಲ್ಲಿ ನಿಂತ ಒಂದಿಷ್ಟು ಪುಡಿ, ಅದರಲ್ಲಿ ಸಾರಜನಕ ತೀರಾ ಕಮ್ಮಿ. ಹಾಗಾಗಿ ಈ ನೀಲಿ ಹೂವಿನ ಯುಟ್ರಿಕುಲೇರಿಯಾ ಒದ್ದೆ ಮಣ್ಣಿನೊಳಗೆ ಪುಟ್ಟ ಚೀಲಗಳನ್ನಿಟ್ಟು ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತದೆ. ಪಕ್ಕದ ಡ್ರೊಸೆರಾ ಅಂಟಿನಲ್ಲಿ ನೊಣ ಹಿಡಿಯುತ್ತದೆ. ಕಪ್ಪಾದ ಮುರಕಲ್ಲು, ಅದರ ಮೇಲಿನ ತೆಳು ನೀರು ಫ್ರೇಮಿನಲ್ಲಿ ಇಲ್ಲವಾದರೆ ಹೂ ಅಲ್ಲಿ ಯಾಕೆ ಉಂಟು ಎಂಬುದೇ ಪಟದಲ್ಲಿ ಇಲ್ಲ.

ಅದಕ್ಕೆ ಅಗಲ ನೋಟದ 24 ಎಂಎಂ ಲೆನ್ಸ್ ಸಾಕು. ಹೂ ಇರುವುದು ಹೆಚ್ಚೆಂದರೆ ಒಂದು ಗೇಣು ಎತ್ತರದಲ್ಲಿ. ಹೆಚ್ಚಿನ ಟ್ರೈಪಾಡ್‌ಗಳು ಅಷ್ಟು ಕೆಳಗೆ ಇಳಿಯುವುದಿಲ್ಲ. ಅಕ್ಕಿ ತುಂಬಿದ ಬಟ್ಟೆಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಲ್ಲಿನ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ. ಮುಂದಿನ ಹೂವಿಗೆ ಫೋಕಸ್, ಲೆನ್ಸಿನ ಕಿಂಡಿ (ಅಪರ್ಚರ್) ಎಫ್/11. ಎಫ್/16 ದಾಟಿದರೆ ಕಿಂಡಿ ತೀರಾ ಸಣ್ಣದಾಗಿ, ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಪಟವೇ ಮೆತ್ತಗಾಗುತ್ತದೆ. ದಂಟು ಗಾಳಿಗೆ ಆಡುವುದರಿಂದ ಶಟರ್ 1/250ಕ್ಕಿಂತ ನಿಧಾನ ಬೇಡ. ಮೋಡದ ಬೆಳಕಿಗೆ ಕ್ಯಾಮೆರಾದ ಬೆಳಕು ಹಿಡಿಯುವ ಸೂಕ್ಷ್ಮತೆ, ಅಂದರೆ ಐಎಸ್‌ಒ 800 ಆದರೂ ಹೆದರಬೇಡ ಎಂದೆ. ಬೆಳಗ್ಗೆ ಎಂಟೂವರೆಯೊಳಗೆ ಮುಗಿಸಬೇಕು, ಆಮೇಲೆ ಗಾಳಿ ಎದ್ದರೆ ಕೆಲಸ ಕೆಟ್ಟಂತೆ.

ಒದ್ದೆ ಕಲ್ಲು ಕಪ್ಪು. ಕ್ಯಾಮೆರಾದ ಬೆಳಕಿನ ಮೀಟರ್ ಅದನ್ನು ಬೂದಿ ಬಣ್ಣಕ್ಕೆ ಎಳೆಯಲು ಹೋಗಿ, ಅಲ್ಲೇ ಬೆಳೆಯುವ ಇನ್ನೊಂದು ಗಿಡ ಎರಿಯೋಕಾಲಾನ್‌ನ ಅಂಗಿಗುಂಡಿಯಂಥ ಬಿಳಿ ಹೂಗಳನ್ನು ವಿವರವೇ ಉಳಿಯದಷ್ಟು ಬಿಳಿಚಿಸುತ್ತದೆ. ಮೈನಸ್ ಒಂದು ಸ್ಟಾಪ್ ಕೊಟ್ಟು, ಅಂದರೆ ಬೆಳಕನ್ನು ಅರ್ಧಕ್ಕಿಳಿಸಿ, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡಬೇಕು. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಒಂದು ಫ್ರೇಮಿನಲ್ಲಿ ನೀಲಿ, ಮುಂದಿನದರಲ್ಲಿ ನೇರಳೆ. 5200 ಕೆಲ್ವಿನ್‌ಗೆ ಕಟ್ಟಿಹಾಕಿ ರಾ (RAW) ಕಡತದಲ್ಲಿ ತೆಗೆದರೆ ಎಲ್ಲ ಪಟಗಳನ್ನೂ ಒಟ್ಟಿಗೇ ಸರಿಮಾಡಬಹುದು. ಪೋಲರೈಸರ್ ಫಿಲ್ಟರ್ ಎಲೆಯ ಹೊಳಪನ್ನು ತೆಗೆಯುತ್ತದೆ, ಜೊತೆಗೆ ಒಂದೂವರೆ ಸ್ಟಾಪ್ ಬೆಳಕನ್ನೂ. ಪಳ್ಳದ (ಪಾರೆಯ ಹೊಂಡದ) ನೀರಿನಲ್ಲಿ ಮೋಡದ ಬಿಂಬ ಬೇಕಿದ್ದರೆ ಫಿಲ್ಟರನ್ನು ತಿರುಗಿಸಿ ನೋಡಿಯೇ ಒತ್ತಬೇಕು.

ಅಡ್ಡ ಬಂದ ಹುಲ್ಲು ಕೀಳುವ ಚಾಳಿ ಕೆಟ್ಟದ್ದು. ನೀಲಿ ಹೂವಿನ ದಂಟು ಪಕ್ಕದ ಹುಲ್ಲಿಗೆ ಸುತ್ತಿಕೊಂಡು ನಿಲ್ಲುವುದುಂಟು, ಹುಲ್ಲು ಕಿತ್ತರೆ ಹೂವೂ ಮಲಗುತ್ತದೆ. ಡ್ರೊಸೆರಾದ ಹನಿ ಇಬ್ಬನಿಯಲ್ಲ, ಅಂಟು; ‘ಫ್ರೆಶ್’ ಕಾಣಲೆಂದು ಸ್ಪ್ರೇ ಹೊಡೆದರೆ ತೊಳೆದುಹೋಗುತ್ತದೆ. ಹಿಂಬದಿಯಿಂದ ಎಳೆ ಬಿಸಿಲು ಬೀಳುವ ಹಾಗೆ ಕುಳಿತರೆ ಅದು ತಾನಾಗಿ ಮಿನುಗುತ್ತದೆ. ಟಿಟ್ಟಿಭ ತಲೆ ಮೇಲೆ ಎರಗುತ್ತಾ ಕೂಗಿದರೆ ಹತ್ತಿರದಲ್ಲಿ ಮೊಟ್ಟೆ ಅಥವಾ ಮರಿ ಉಂಟೆಂದೇ ಲೆಕ್ಕ. ಮೊಟ್ಟೆಗೂ ಕಲ್ಲಿಗೂ ಬಣ್ಣ ಒಂದೇ. ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು.

ಮಳೆ ಪುನಃ ಸುರುವಾಯಿತು. ಲೆನ್ಸ್ ಡಬ್ಬಿಯ ತೇವ ಹೀರುವ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದೆ, ನಾಳೆ ಬಿಸಿಮಾಡಿ ನೀಲಿಗೆ ತರಬೇಕು. ಆಟಿ ಸೋಣದ ಮಳೆ ತಿಂಗಳಲ್ಲಿ ಇದನ್ನು ಮರೆತರೆ ಗಾಜಿನೊಳಗೇ ಬೂಸಲು.

ಓಣಂ ಸುರುವಾಗುವ ಅತ್ತಂ ದಿನ ಕಳೆದದ್ದರಿಂದ ಮಕ್ಕಳು ಪೂಕ್ಕಳಕ್ಕೆ (ಹೂವಿನ ರಂಗೋಲಿಗೆ) ಇದೇ ನೀಲಿ ಹೂ ಕೊಯ್ಯುತ್ತಿದ್ದಾರೆ. ಅದು ಮೊದಲಿಂದಲೂ ನಡೆದದ್ದೇ, ಅದರಿಂದ ಪಾರೆ ಬರಿದಾಗಲಿಲ್ಲ. ಕಲ್ಲು ಕೊರೆಯುವ ಮೆಷಿನ್ ಹಾಗಲ್ಲ, ಅದು ಕಡಿದ ಕಡೆ ಮುಂದಿನ ಮಳೆಗೆ ಹೂವಿಲ್ಲ.

ಹೊರಡುವಾಗ ಹುಡುಗ ಕೇಳಿದ, ಪಟದ ಜೊತೆ ಲೊಕೇಶನ್ ಹಾಕಲೋ ಎಂದು. ಬೇಡ ಮಾರಾಯ, ಭಾನುವಾರ ಐವತ್ತು ಬೈಕು ಬಂದು ನಿಂತಾವು ಎಂದೆ. ತಲೆ ಆಡಿಸಿ ಹೋದ. ಆದರೆ ಹೆಸರೂ ಗೊತ್ತಿಲ್ಲದ ಪಾರೆ ದಾಖಲೆಯಲ್ಲಿ ಬರೇ ಪಾಳು ಜಾಗ. ಅಲ್ಲಿ ಕಲ್ಲಿನ ಕೋರೆ ಎದ್ದರೆ ಇಂಥದ್ದೊಂದು ಇತ್ತೆಂದು ತೋರಿಸಲು ಊರು, ತಾರೀಕು ಇರುವ ಪಟವೇ ಬೇಕಲ್ಲ. ಹಾಗಾದರೆ ಹಾಕು ಎನ್ನಬೇಕಿತ್ತೋ, ಇಲ್ಲ ಪಂಚಾಯತಿನ ಹೆಸರು ಮಾತ್ರ ಹಾಕು ಎನ್ನಬೇಕಿತ್ತೋ.