ಹರಾಜಿನಲ್ಲಿ ಗೆದ್ದ ವಸ್ತುವಿಗೆ ವಿಳಾಸ: ಯಾರಿಗೆ, ಯಾವಾಗ, ಎಷ್ಟು

ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವರು ವಿಳಾಸ ಬರೆಯಬೇಕಾದ ಜಾಗ ಒಂದೇ: ತಾಣದ ಪಾವತಿ ಪುಟ. ಬರೆಯಬೇಕಾದ ಹೊತ್ತೂ ಒಂದೇ: ಹರಾಜು ಗೆದ್ದು ಹಣ ಕಟ್ಟುವಾಗ. ಅದಕ್ಕೆ ಮೊದಲು ಮಾರುವವರಿಗೆ ನಿಮ್ಮ ಮನೆ ನಂಬರಿನಿಂದ ಆಗಬೇಕಾದ ಕೆಲಸವೇನೂ ಇಲ್ಲ. ಹಣ ಕಟ್ಟಿದ ಮೇಲೆ ವಿಳಾಸ ಅವರ ಪರದೆಯಲ್ಲೇ ಕಾಣುವುದರಿಂದ ಮತ್ತೆ ಕೇಳುವ ಅಗತ್ಯವೂ ಇಲ್ಲ. ಈ ಎರಡರ ಆಚೆ ಯಾರಾದರೂ ವಿಳಾಸ ಕೇಳಿದರೆ ಕಾರಣ ಕೇಳಿ.

ಇದು ಬರೀ ಗೋಪ್ಯತೆಯ ಮಾತಲ್ಲ, ನಿಮ್ಮ ಹಣದ ಮಾತೂ ಹೌದು. ವಸ್ತು ಬರದಿದ್ದಾಗ ಹಣ ವಾಪಸ್ ಕೊಡಿಸುವ ವ್ಯವಸ್ಥೆ ಹರಾಜು ತಾಣವಾದ ಇಬೇಯಲ್ಲೂ ಇದೆ, ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್‌ನಲ್ಲೂ ಇದೆ. ತಕರಾರು ಬಂದಾಗ ಅವರು ಮೊದಲು ನೋಡುವುದು ಆರ್ಡರ್ ವಿವರದಲ್ಲಿ ದಾಖಲಾದ ವಿಳಾಸ ಮತ್ತು ಟ್ರ್ಯಾಕಿಂಗ್ ದಾಖಲೆ. ಆರ್ಡರ್‌ನಲ್ಲಿ ಮನೆಯ ವಿಳಾಸ ಇದ್ದು, ನೀವು ಮೆಸೇಜಿನಲ್ಲಿ ‘ಅಣ್ಣನ ಮನೆಗೆ ಕಳಿಸಿ’ ಎಂದು ಬರೆದಿದ್ದರೆ, ಪಾರ್ಸೆಲ್ ಎಲ್ಲಿ ತಲುಪಬೇಕಿತ್ತು ಎಂಬುದನ್ನು ಸಾಬೀತು ಮಾಡುವ ಹೊರೆ ನಿಮ್ಮ ತಲೆಗೆ ಬೀಳುತ್ತದೆ. ಮಾರುವವರ ರಕ್ಷಣೆಯೂ ಅದೇ ವಿಳಾಸಕ್ಕೆ ಕಟ್ಟಿಕೊಂಡಿದೆ. ಹಾಗಾಗಿ ಹಣ ಕಟ್ಟಿದ ಮೇಲೆ ವಿಳಾಸ ಬದಲಿಸಿ ಎಂದರೆ ಅನುಭವಸ್ಥ ಮಾರಾಟಗಾರರು ಒಪ್ಪುವುದಿಲ್ಲ. ಕದ್ದ ಖಾತೆಯಿಂದ ಕೊಳ್ಳುವವರು ಮಾಡುವುದೂ ಇದನ್ನೇ. ತಪ್ಪು ವಿಳಾಸಕ್ಕೆ ಹಣ ಕಟ್ಟಿಬಿಟ್ಟಿದ್ದರೆ, ಕಳಿಸುವ ಮುಂಚೆಯೇ ಆರ್ಡರ್ ರದ್ದು ಮಾಡಲು ಕೋರಿ, ಸರಿಯಾದ ವಿಳಾಸದೊಂದಿಗೆ ಮತ್ತೆ ಹಣ ಕಟ್ಟುವುದೇ ನೇರ ದಾರಿ.

ಬಿಡ್ ಹಾಕುವ ಮೊದಲು ಸಾಗಣೆ ಖರ್ಚು ತಿಳಿಯಬೇಕಾಗುತ್ತದೆ, ಸರಿ. ಅದಕ್ಕೆ ದೇಶ, ಊರು, ಪಿನ್‌ಕೋಡ್ ಸಾಕು. ‘ನನ್ನ ಪಿನ್‌ಕೋಡ್ ಇಂಥದ್ದು, ಟ್ರ್ಯಾಕಿಂಗ್ ಮತ್ತು ವಿಮೆ ಸೇರಿ ಎಷ್ಟಾಗುತ್ತದೆ?’ ಎಂದು ತಾಣದ ಮೆಸೇಜಿನಲ್ಲೇ ಕೇಳಿ. ಇಷ್ಟಕ್ಕೆ ಉತ್ತರಿಸದೆ ಪೂರ್ತಿ ವಿಳಾಸ, ಫೋನ್ ನಂಬರು, ವಾಟ್ಸಾಪ್ ಕೇಳುವವರು ವ್ಯವಹಾರವನ್ನು ತಾಣದಿಂದ ಹೊರಗೆ ಎಳೆಯಲು ನೋಡುತ್ತಿದ್ದಾರೆ ಎಂದೇ ತಿಳಿಯಿರಿ. ಹೊರಗೆ ಹೋದರೆ ದಾಖಲೆಯೂ ಇಲ್ಲ, ಖಾತ್ರಿಯೂ ಇಲ್ಲ. ‘ಪೇಪಾಲ್‌ನಲ್ಲಿ ಸ್ನೇಹಿತರು ಮತ್ತು ಕುಟುಂಬ ಅಂತ ಹಾಕಿ ಕಳಿಸಿ, ಶುಲ್ಕ ಉಳಿಯುತ್ತೆ’ ಎನ್ನುವುದು ಅದರ ಮುಂದಿನ ಹೆಜ್ಜೆ. ಹಾಗೆ ಕಳಿಸಿದ ಹಣಕ್ಕೆ ಖರೀದಿ ರಕ್ಷಣೆ ಇರುವುದಿಲ್ಲ.

ಸೋತ ಹರಾಜಿನ ಮೇಲೂ ಗಮನವಿರಲಿ. ಮೊದಲ ಬಿಡ್‌ದಾರ ಹಿಂದೆ ಸರಿದಾಗ ಎರಡನೆಯವರಿಗೆ ಅವಕಾಶ ಕೊಡುವ ಪದ್ಧತಿ ಇಬೇಯಲ್ಲಿ ನಿಜಕ್ಕೂ ಇದೆ, ಅದರ ಹೆಸರಲ್ಲಿ ನಕಲಿ ಇಮೇಲೂ ಬರುತ್ತದೆ. ಇಮೇಲಿನ ಕೊಂಡಿ ಒತ್ತಬೇಡಿ. ಖಾತೆಗೆ ನೀವೇ ಲಾಗಿನ್ ಆಗಿ ಅಲ್ಲಿನ ಮೆಸೇಜ್ ಪೆಟ್ಟಿಗೆ ನೋಡಿ. ಅಲ್ಲಿ ಇಲ್ಲದಿದ್ದರೆ ಆ ಅವಕಾಶವೇ ಇಲ್ಲ.

ಇನ್ನು ಖಾತೆಯೊಳಗಿನ ಕೆಲಸ. ಮೊದಲೇ ಪಾವತಿ ವಿವರ ಪಡೆದು, ಹರಾಜು ಗೆದ್ದ ಕೂಡಲೇ ತಾನಾಗಿ ಹಣ ಕಡಿತ ಮಾಡುವ ತಾಣಗಳಿವೆ. ಅಲ್ಲಿ ಡೀಫಾಲ್ಟ್ ಆಗಿ ಉಳಿದ ಹಳೇ ಬಾಡಿಗೆ ಮನೆಯ ವಿಳಾಸವೇ ಆರ್ಡರ್‌ಗೆ ಹೋಗಿ ಕೂರುತ್ತದೆ. ಆದ್ದರಿಂದ ಬಿಡ್ ಹಾಕುವ ಮುಂಚೆ ವಿಳಾಸದ ಪಟ್ಟಿ ತೆರೆದು ಬಳಸದ್ದನ್ನೆಲ್ಲ ಅಳಿಸಿ, ಬೇಕಾದ ಒಂದನ್ನು ಡೀಫಾಲ್ಟ್ ಮಾಡಿ. ಪೇಪಾಲ್ ಖಾತೆಯಲ್ಲಿ ಬೇರೆಯದೇ ಪಟ್ಟಿ ಇರುತ್ತದೆ, ಅದನ್ನೂ ನೋಡಿ. ಎರಡು ಕಡೆ ಎರಡು ವಿಳಾಸ ಇದ್ದರೆ ಮಾರುವವರು ಯಾವುದನ್ನು ನಂಬಬೇಕು? ಖಾತೆಗೆ ಎರಡು ಹಂತದ ಲಾಗಿನ್ ಇಡುವುದೂ ಇದೇ ಕಾರಣಕ್ಕೆ: ಖಾತೆ ಕದ್ದವರಿಗೆ ನಿಮ್ಮ ವಿಳಾಸವೂ, ಏನೇನು ಕೊಂಡಿರಿ ಎಂಬ ಇಡೀ ಇತಿಹಾಸವೂ ಒಟ್ಟಿಗೆ ಸಿಗುತ್ತವೆ. ಹಳೇ ನಾಣ್ಯ, ಕೈಗಡಿಯಾರ, ಕ್ಯಾಮೆರಾ ಕೂಡಿಡುವವರಿಗೆ ಇದು ಸಣ್ಣ ಸಂಗತಿಯಲ್ಲ. ಯೂಸರ್ ಹೆಸರಿನಲ್ಲಿ ನಿಜವಾದ ಹೆಸರಾಗಲಿ, ಊರಾಗಲಿ, ಹುಟ್ಟಿದ ವರ್ಷವಾಗಲಿ ಬೇಡ.

ವಿಳಾಸ ಬರೆಯುವ ರೀತಿಯಲ್ಲೇ ಅರ್ಧ ತೊಂದರೆ ಹುಟ್ಟುತ್ತದೆ. ವಿಳಾಸದ ಎರಡನೇ ಸಾಲಿನಲ್ಲಿ ಗೇಟಿನ ಕೋಡ್, ‘ಹಗಲು ಮನೆಯಲ್ಲಿ ಯಾರೂ ಇರಲ್ಲ, ಬೀಗದ ಕೈ ಪಕ್ಕದ ಮನೆಯಲ್ಲಿ’ ಎಂಬಂಥ ಸೂಚನೆ ಬರೆಯುವವರು ಬಹಳ ಮಂದಿ. ಆ ಸಾಲು ಹಾಗೇ ಲೇಬಲ್ ಮೇಲೆ ಅಚ್ಚಾಗಿ, ಗೋದಾಮಿನಿಂದ ಹಿಡಿದು ನಿಮ್ಮ ಮೆಟ್ಟಿಲ ತನಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಂಥ ಸೂಚನೆ ಇದ್ದರೆ ಪಾರ್ಸೆಲ್ ಹೊರಟ ಮೇಲೆ ಕೊರಿಯರ್‌ನ ಸ್ವಂತ ಆ್ಯಪ್‌ನಲ್ಲಿ ಕೊಡಿ. ಇನ್ನೊಂದು, ಸಾಲಿನ ಉದ್ದ. ದೊಡ್ಡ ಕೊರಿಯರ್‌ಗಳ ಲೇಬಲ್‌ನಲ್ಲಿ ಒಂದು ಸಾಲಿಗೆ ಸಾಮಾನ್ಯವಾಗಿ 35 ಅಕ್ಷರದಷ್ಟೇ ಜಾಗ, ಮಿಕ್ಕಿದ್ದು ಕತ್ತರಿಸಿ ಹೋಗುತ್ತದೆ. ಕಟ್ಟಡದ ಹೆಸರು, ಹೆಗ್ಗುರುತು ಮೊದಲು ಬರೆದು ಮನೆ ನಂಬರನ್ನು ಕೊನೆಗೆ ಇಟ್ಟರೆ ಕತ್ತರಿಸಿ ಹೋಗುವುದು ನಂಬರೇ. ಮನೆ ನಂಬರು, ಬೀದಿ ಮೊದಲ ಸಾಲಿನಲ್ಲಿರಲಿ. ಹೊರದೇಶದಿಂದ ಬರುವುದಾದರೆ ರೋಮನ್ ಲಿಪಿಯಲ್ಲಿ ಬರೆದು, ದೇಶದ ಹೆಸರನ್ನು ಕೊನೆಯ ಸಾಲಿನಲ್ಲಿ ದೊಡ್ಡಕ್ಷರದಲ್ಲಿ ಹಾಕಿ.

ಹೆಸರು ಸುಳ್ಳು ಬೇಡ. ಅಂಚೆ ಕಚೇರಿಯಿಂದಲೋ ಕೊರಿಯರ್ ಕೌಂಟರಿನಿಂದಲೋ ಬಿಡಿಸಿಕೊಳ್ಳುವಾಗ ಗುರುತಿನ ಚೀಟಿಯ ಹೆಸರಿಗೆ ಹೊಂದಬೇಕು, ಹೊರದೇಶದ ಪಾರ್ಸೆಲ್‌ಗೆ ಕಸ್ಟಮ್ಸ್‌ನವರೂ ಪೂರ್ತಿ ಹೆಸರು ಕೇಳಬಹುದು. ದೇಶದೊಳಗಿನ ಸಾಗಣೆಗೆ ಇನಿಷಿಯಲ್ ಮತ್ತು ಕೊನೆಯ ಹೆಸರು ನಡೆಯುತ್ತದೆ. ಫೋನ್ ನಂಬರು ಮಾತ್ರ ಬ್ಯಾಂಕಿಗೆ ಜೋಡಿಸಿದ್ದಲ್ಲದ ಇನ್ನೊಂದು ಇದ್ದರೆ ಅದನ್ನೇ ಕೊಡಿ. ಲೇಬಲ್ ಮೇಲೆ ಬರುವ ಆ ನಂಬರು ದುರುಪಯೋಗವಾಗಬಹುದು.

ಮನೆ ವಿಳಾಸವೇ ಬೇಡ ಎನ್ನುವವರಿಗೆ ಬೇರೆ ದಾರಿಗಳಿವೆ, ಆದರೆ ಒಂದೊಂದಕ್ಕೂ ಒಂದೊಂದು ತೊಡಕು. ಪಾರ್ಸೆಲ್ ಲಾಕರ್, ಅಂದರೆ ಪಾರ್ಸೆಲ್ ಇಟ್ಟುಹೋಗುವ, ನೀವೇ ಹೋಗಿ ತೆಗೆದುಕೊಳ್ಳುವ ಬೀಗದ ಪೆಟ್ಟಿಗೆ, ಸಾಮಾನ್ಯವಾಗಿ ಒಂದೇ ಕೊರಿಯರ್‌ಗೆ ಸೇರಿದ್ದು. ಮಾರುವವರು ಬೇರೆ ಕೊರಿಯರ್‌ನಲ್ಲಿ ಕಳಿಸಿದರೆ ಪಾರ್ಸೆಲ್ ವಾಪಸ್ ಹೋಗಬಹುದು. ಬಿಡ್‌ಗೆ ಮೊದಲೇ ಯಾವ ಕೊರಿಯರ್ ಎಂದು ಕೇಳಿ, ಪೆಟ್ಟಿಗೆಯ ಅಳತೆ ಲಾಕರ್‌ಗೆ ಹಿಡಿಸುತ್ತದೆಯೇ ನೋಡಿಕೊಳ್ಳಿ. ಪೋಸ್ಟ್ ಬಾಕ್ಸ್‌ಗೆ ಅಂಚೆಯವರು ತಲುಪಿಸುತ್ತಾರೆ, ಖಾಸಗಿ ಕೊರಿಯರ್‌ಗಳು ಬಹುಮಟ್ಟಿಗೆ ತಲುಪಿಸುವುದಿಲ್ಲ, ಏಕೆಂದರೆ ಅಲ್ಲಿ ಸಹಿ ಹಾಕಲು ಯಾರೂ ಇರುವುದಿಲ್ಲ. ಪೋಸ್ಟ್ ರೆಸ್ಟಾಂಟ್, ಅಂದರೆ ಅಂಚೆ ಕಚೇರಿಯಲ್ಲೇ ಇಟ್ಟುಕೊಂಡಿರುವ ಸೌಲಭ್ಯ, ಹಲವು ದೇಶಗಳಲ್ಲಿದೆ. ಇಡುವ ಅವಧಿ ಮುಗಿದರೆ ಕಳಿಸಿದವರಿಗೇ ಹಿಂತಿರುಗುತ್ತದೆ. ಕಚೇರಿ ವಿಳಾಸ ಕೊಟ್ಟರೆ ಮನೆ ಬಚಾವಾಗುತ್ತದೆ, ನೀವು ಎಲ್ಲಿ ಕೆಲಸ ಮಾಡುತ್ತೀರಿ ಎಂಬುದು ಗೊತ್ತಾಗುತ್ತದೆ. ಪಾರ್ಸೆಲನ್ನು ತಮ್ಮಲ್ಲಿ ಪಡೆದು ನಿಮಗೆ ಮುಂದಕ್ಕೆ ಕಳಿಸುವ ಕಂಪನಿಗಳ ವಿಳಾಸ ಬಳಸುವವರು ಒಂದು ನಿಯಮ ನೆನಪಿಡಬೇಕು: ಮೊದಲ ವಿಳಾಸ ತಲುಪಿ, ಅಲ್ಲಿಂದ ಬೇರೆಡೆಗೆ ರವಾನೆಯಾದ ವಸ್ತುವಿಗೆ ಇಬೇಯ ಹಣ ವಾಪಸಿ ಖಾತ್ರಿ ಅನ್ವಯಿಸುವುದಿಲ್ಲ. ನನ್ನ ಮಟ್ಟಿಗೆ, ದುಬಾರಿ ವಸ್ತುವಿಗೆ ಅತ್ಯುತ್ತಮ ಎಂದರೆ ಗುರುತಿನ ಚೀಟಿ ತೋರಿಸಿ ಬಿಡಿಸಿಕೊಳ್ಳುವ ಕೌಂಟರ್. ಇಬೇಯಲ್ಲಿ ಸಾಗಣೆ ಸೇರಿ ಮೊತ್ತ 750 ಡಾಲರ್ ಅಥವಾ ಅದಕ್ಕಿಂತ ಹೆಚ್ಚಾದರೆ ಮಾರುವವರು ತಮ್ಮ ರಕ್ಷಣೆಗಾಗಿ ಸಹಿ ಪಡೆಯುವ ಸೇವೆಯನ್ನು ಹೇಗೂ ಬಳಸಬೇಕಾಗುತ್ತದೆ; ಸಹಿ ಹಾಕಲು ಯಾರೂ ಇಲ್ಲದ ವಿಳಾಸ ಅಲ್ಲಿ ಉಪಯೋಗಕ್ಕೆ ಬಾರದು.

ಹರಾಜು ಮನೆಗಳ ಮೂಲಕ ಕೊಳ್ಳುವುದು ಇನ್ನೊಂದು ಬಗೆ. ಅನೇಕ ಹರಾಜು ಮನೆಗಳು ತಾವೇ ಪ್ಯಾಕ್ ಮಾಡಿ ಕಳಿಸದೆ, ಬೇರೆ ಸಾಗಣೆದಾರರ ಹೆಸರು ಕೊಡುತ್ತವೆ. ವಿಳಾಸ ಆಗ ಮೂರನೆಯವರ ಕೈಗೂ ಹೋಗುತ್ತದೆ. ಆ ಸಾಗಣೆದಾರರ ಫೋನ್ ನಂಬರನ್ನು ಹರಾಜು ಮನೆಯ ಅಧಿಕೃತ ಪುಟದಿಂದಲೇ ತೆಗೆದುಕೊಳ್ಳಿ, ಬಂದ ಇಮೇಲಿನಿಂದಲ್ಲ. ನೋಂದಣಿಗೆ ಗುರುತಿನ ಚೀಟಿಯ ಪ್ರತಿ ಕೇಳಿದರೆ, ಅದರ ಮೇಲೆ ಅಡ್ಡಲಾಗಿ ‘ಇಂಥ ಹರಾಜಿನ ನೋಂದಣಿಗೆ ಮಾತ್ರ’ ಎಂದು ತಾರೀಖಿನ ಸಮೇತ ಬರೆದು ಕಳಿಸಿ.

ವಿಳಾಸವನ್ನೇ ಆಯುಧ ಮಾಡಿಕೊಂಡ ಮೋಸವೊಂದಿದೆ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮಾರುವವನಿಗೆ ನಿಮ್ಮ ಪಿನ್‌ಕೋಡ್ ಗೊತ್ತು. ಅವನು ಅದೇ ಪಿನ್‌ಕೋಡ್‌ನ ಬೇರೊಂದು ಮನೆಗೆ ಖಾಲಿ ಲಕೋಟೆ ಕಳಿಸಿ ಆ ಟ್ರ್ಯಾಕಿಂಗ್ ನಂಬರನ್ನು ನಿಮ್ಮ ಆರ್ಡರ್‌ಗೆ ಹಾಕುತ್ತಾನೆ. ಟ್ರ್ಯಾಕಿಂಗ್ ಪುಟ ಊರು ಮತ್ತು ಪಿನ್‌ಕೋಡ್ ಮಾತ್ರ ತೋರಿಸುವುದರಿಂದ ‘ತಲುಪಿಸಲಾಗಿದೆ’ ಎಂಬ ಸಾಲು ಕಂಡು ತಕರಾರು ಅವನ ಪರ ಮುಚ್ಚಿಹೋಗುತ್ತದೆ. ಕೆಲವೊಮ್ಮೆ ಲಕೋಟೆ ನಿಮ್ಮ ಮನೆಗೇ ಬರುತ್ತದೆ, ಬೇರೆಯವರ ಹೆಸರಿನಲ್ಲಿ. ಅದನ್ನು ಎಸೆಯಬೇಡಿ; ಲೇಬಲ್, ತೂಕ, ಒಳಗೇನಿತ್ತು ಎಲ್ಲದರ ಫೋಟೋ ತೆಗೆದಿಡಿ. ಬಾರದಿದ್ದರೆ ಕೊರಿಯರ್ ಕಚೇರಿಗೆ ಹೋಗಿ, ಈ ನಂಬರಿನ ಪಾರ್ಸೆಲ್ ನನ್ನ ವಿಳಾಸಕ್ಕೆ ಸೇರಿದ್ದಲ್ಲ ಎಂದು ಬರಹದಲ್ಲಿ ಕೊಡಲು ಕೇಳಿ. ಆ ಇನ್ನೊಬ್ಬರ ವಿಳಾಸ ಅವರು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ತೂಕ ಸಿಕ್ಕರೆ ಅದೂ ಗಟ್ಟಿ ಸಾಕ್ಷಿ: 2 ಕಿಲೋ ಕ್ಯಾಮೆರಾ 20 ಗ್ರಾಂ ಲಕೋಟೆಯಲ್ಲಿ ಬರುವುದಿಲ್ಲ. ಇದನ್ನೆಲ್ಲ ತಾಣದ ತಕರಾರು ಪುಟದಲ್ಲೇ, ಗಡುವಿನೊಳಗೆ ಸೇರಿಸಿ. ‘ಇನ್ನೊಂದು ವಾರ ತಡೆಯಿರಿ’ ಎಂದು ಮಾರುವವರು ಹೇಳುತ್ತಾ ಹೋದರೆ ಗಡುವು ಮುಗಿಯುವುದು ನಿಮ್ಮದೇ.

ಪಾರ್ಸೆಲ್ ದಾರಿಯಲ್ಲಿರುವಾಗ ಬರುವ ‘ವಿಳಾಸ ಅಪೂರ್ಣ, ಪಾರ್ಸೆಲ್ ತಡೆಹಿಡಿಯಲಾಗಿದೆ’ ಎಂಬ ಎಸ್ಸೆಮ್ಮೆಸ್ ಬಹುಪಾಲು ನಕಲಿ. ಏನನ್ನೋ ಕಾಯುತ್ತಿರುವವರು ಅದನ್ನು ಬೇಗ ನಂಬುತ್ತಾರೆ, ಸಣ್ಣ ಶುಲ್ಕವೆಂದು ಕಾರ್ಡ್ ನಂಬರನ್ನೂ ಬರೆದುಬಿಡುತ್ತಾರೆ. ಆರ್ಡರ್ ಪುಟದಲ್ಲಿರುವ ಟ್ರ್ಯಾಕಿಂಗ್ ನಂಬರನ್ನು ಕೊರಿಯರ್‌ನ ಪುಟದಲ್ಲಿ ನೀವೇ ಟೈಪ್ ಮಾಡಿ ನೋಡಿ. ಸಮಸ್ಯೆ ಇದ್ದರೆ ಅಲ್ಲೇ ಕಾಣುತ್ತದೆ.

ವಸ್ತು ಕೈಸೇರಿದ ಮೇಲೆ ಪೆಟ್ಟಿಗೆಯ ಫೋಟೋ ಹಾಕಿ ವಿಮರ್ಶೆ ಬರೆಯುವುದಾದರೆ ಲೇಬಲ್ ಕಾಣದಂತೆ ತೆಗೆಯಿರಿ. ಹೆಸರು ಮುಚ್ಚಿ ಬಾರ್‌ಕೋಡ್ ಬಿಟ್ಟರೆ ಮುಚ್ಚಿದಂತಲ್ಲ. ಹೊರದೇಶದ ಪಾರ್ಸೆಲ್ ಮೇಲಿನ ಸಿಎನ್22 ಅಥವಾ ಸಿಎನ್23 ಕಸ್ಟಮ್ಸ್ ಚೀಟಿಯಲ್ಲಿ ಒಳಗೇನಿದೆ, ಬೆಲೆ ಎಷ್ಟು ಎಂಬುದೂ ಇರುವುದರಿಂದ ಅದನ್ನು ಖಾಲಿ ಪೆಟ್ಟಿಗೆಯ ಜೊತೆ ಬೀದಿಗೆ ಹಾಕಬೇಡಿ. ಲೇಬಲ್ ಮೇಲೆ ಮಾರ್ಕರ್ ಎಳೆದರೆ ಓರೆ ಬೆಳಕಿಗೆ ಅಕ್ಷರ ಕಂಡುಬಿಡಬಹುದು. ಹೆಚ್ಚಿನ ಕೊರಿಯರ್ ಲೇಬಲ್‌ಗಳು ಥರ್ಮಲ್ ಕಾಗದದವು: ಹೇರ್ ಡ್ರೈಯರ್‌ನ ಬಿಸಿ ಗಾಳಿ ಹಿಡಿದರೆ ಇಡೀ ಕಾಗದ ಕಪ್ಪಾಗಿ ಏನೂ ಓದಲಾಗುವುದಿಲ್ಲ. ಅದೇ ಬಿಸಿಗೆ ಅಂಟೂ ಮೆತ್ತಗಾಗಿ ಲೇಬಲ್ ಒಂದು ಮೂಲೆಯಿಂದ ಸಲೀಸಾಗಿ ಎದ್ದುಬರುತ್ತದೆ. ವಾಪಸ್ ಮಾಡುವ ಗಡುವು ಮುಗಿಯುವವರೆಗೆ ಮಾತ್ರ ಹಾಗೆ ಮಾಡಬೇಡಿ, ತಕರಾರಿಗೆ ಅದೇ ಲೇಬಲ್ ಬೇಕಾಗುತ್ತದೆ.