ಸಿಂಹಕ್ಕಿಂತ ಮೊದಲು ಸಿಕ್ಕ ಕೋರಿ

ತಾಂಜಾನಿಯಾದ ಗೊರೊಂಗೊರೊ ಕುಳಿಗೆ ಬೆಳಗಾಗುತ್ತಲೇ ಇಳಿದೆವು. ಹಳೆಯ ಜ್ವಾಲಾಮುಖಿ ಕುಸಿದು ಆದ ತಗ್ಗು ಇದು. ಆಳ ಸುಮಾರು 600 ಮೀಟರ್. ಅಂಚಿನಲ್ಲಿ ಮಂಜು, ಕೊರೆಯುವ ಚಳಿ. ಕೆಳಗೆ ಬಂದರೆ ಬಟಾಬಯಲು. ಮಕ್ಕಳಿಗೆ ಸಿಂಹ ಬಿಟ್ಟು ಬೇರೇನೂ ಬೇಡ.

ಡ್ರೈವರ್ ತಾವಾಗಿಯೇ ಜೀಪು ನಿಲ್ಲಿಸಿ, ಇಂಜಿನ್ ಆರಿಸಿ, 'ಕೋರಿ' ಎಂದರು. ರಸ್ತೆಗೆ ಹತ್ತಿರದಲ್ಲೇ ಬೂದುಗತ್ತಿನ ಎತ್ತರದ ಹಕ್ಕಿಯೊಂದು ನಡೆಯುತ್ತಿತ್ತು. ಅದೇ ಕೋರಿ ಬಸ್ಟರ್ಡ್. ಎರಡು ಹೆಜ್ಜೆ, ನಿಲ್ಲುವುದು, ಹುಲ್ಲಲ್ಲಿ ಪಟ್ಟಂತ ಕುಕ್ಕಿ ಮಿಡತೆ ಹಿಡಿಯುವುದು, ಮತ್ತೆ ಎರಡು ಹೆಜ್ಜೆ. ಅವಸರ ಅನ್ನೋದೇ ಇಲ್ಲ.

"ಅಮ್ಮಾ, ಇದು ಹಾರತ್ತಾ?" ಮಗ ಕೇಳಿದ. ಹಾರುತ್ತದೆ. ಆಫ್ರಿಕಾದ ಹಾರುವ ಹಕ್ಕಿಗಳಲ್ಲಿ ಇದೇ ಎಲ್ಲಕ್ಕಿಂತ ಭಾರದ್ದು. ಗಂಡು 18 ಕಿಲೋವರೆಗೂ ತೂಗುತ್ತದೆ. ಐದು ವರ್ಷದ ನಮ್ಮ ಹುಡುಗನ ತೂಕವೂ ಅಷ್ಟೇ. ಅದನ್ನು ಕೇಳಿದ ಮೇಲೆ ಅವನು ಬೈನಾಕ್ಯುಲರ್ ಕೆಳಗಿಡಲೇ ಇಲ್ಲ. ಕಾಲು ನೋಡಿ ಅಂದೆ. ಮೂರೇ ಬೆರಳು, ಮೂರೂ ಮುಂದಕ್ಕೆ. ಹಿಂಬೆರಳಿಲ್ಲದೆ ಕೊಂಬೆ ಹಿಡಿಯೋದು ಹೇಗೆ? ಅದಕ್ಕೇ ನಿದ್ದೆ, ಮೊಟ್ಟೆ, ಮರಿ ಎಲ್ಲ ನೆಲದ ಮೇಲೇ.

ಅಷ್ಟರಲ್ಲಿ ಆಚೆ ಇನ್ನೊಂದು ಗಂಡು ಕತ್ತು ಉಬ್ಬಿಸಿತು. ಬೂದು ಕತ್ತು ಬೆಳ್ಳಗೆ ಬಲೂನಿನಂತಾಯಿತು. ಬಾಲ ಮಡಚಿ ಬೆನ್ನ ಮೇಲೆ ಬಂತು, ಒಳಗಿನ ಬಿಳಿ ಗರಿ ದೂರಕ್ಕೂ ಹೊಳೆಯಿತು. ಆಳದಿಂದ ಗುಂ ಗುಂ ಅನ್ನುವ ದನಿ. ಹೆಣ್ಣನ್ನು ಕರೆಯುವುದು ಹೀಗೆ. ಮಗಳು ಉಸಿರು ಬಿಗಿಹಿಡಿದು ನೋಡಿದಳು. ರೇಡಿಯೊದಲ್ಲಿ ಸಿಂಹದ ಸುದ್ದಿ ಬಂದರೂ ಇಬ್ಬರೂ ಹೊರಡೋಣ ಅನ್ನಲಿಲ್ಲ. ನನಗೆ ಅದೆಷ್ಟು ಖುಷಿಯಾಯಿತೋ!

ಇದರ ದಾಯಾದಿ ನಮ್ಮಲ್ಲೂ ಇದೆ ಎಂದು ಅಲ್ಲೇ ಹೇಳಿದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ದೇಶದಲ್ಲೇ 200ಕ್ಕಿಂತ ಕಡಿಮೆ ಉಳಿದಿವೆ, ಹೆಚ್ಚಿನವು ರಾಜಸ್ಥಾನದಲ್ಲಿ. ಭಾರದ ಮೈ, ಹಾರುವಾಗ ಚಟ್ಟನೆ ತಿರುಗಲಾಗದು, ಎದುರಿನ ವಿದ್ಯುತ್ ತಂತಿ ಸರಿಯಾಗಿ ಕಾಣದು. ಎರಡೂ ಹಕ್ಕಿಗಳು ತಂತಿಗೆ ಬಡಿದು ಸಾಯುತ್ತವೆ. "ಹಾಗಾದ್ರೆ ತಂತಿ ನೆಲದೊಳಗೆ ಹಾಕಲಿ" ಎಂದಳು ಮಗಳು. ತಜ್ಞರು ಕೇಳುತ್ತಿರುವುದೂ ಅದನ್ನೇ.

ಮಕ್ಕಳ ಜೊತೆ ಹೋಗುವವರು, ಹಕ್ಕಿ ಕಂಡರೂ ನಿಲ್ಲಿಸಿ ಅಂತ ಡ್ರೈವರ್‌ಗೆ ಮೊದಲೇ ಹೇಳಿಬಿಡಿ. ಒಬ್ಬೊಬ್ಬರಿಗೂ ಒಂದೊಂದು ಬೈನಾಕ್ಯುಲರ್ ಇರಲಿ, ಒಂದೇ ಇದ್ದರೆ ಜಗಳ ಜಾಸ್ತಿ.